ನಾನು ಕಳಿಸಿದ ಹಾಡು

೧೪ ಮಾರ್ಚ್, ಗುರುವಾರ

ಇವತ್ತು ಅಪ್ಪನಿಗೆ ನಿಜ ಹೇಳಿದೆ, ಮೂರು ವಾರ ತಡವಾಗಿ.

ಅಪ್ಪ ಹಾಡಿದ ಮುತ್ತತ್ತಿ ಆಂಜನೇಯನ ಹಾಡುಗಳನ್ನು ಆಡಿಯೋ ಕಂಪನಿ ಬಿಡುಗಡೆ ಮಾಡುವ ಮೊದಲೇ ಅವನ ಫೋನಿನಿಂದ ತೆಗೆದು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದವಳು ನಾನು. ಹೆಮ್ಮೆ ತಡೆಯಲಾಗಲಿಲ್ಲ. ನಾಲ್ಕೇ ದಿನಕ್ಕೆ ಮಳವಳ್ಳಿ ಬಸ್ಸುಗಳಲ್ಲೆಲ್ಲ ಅದೇ ಹಾಡು. ಎಲ್ಲರ ಫೋನಿನಲ್ಲಿರುವುದನ್ನು ಯಾರಿಗೆ ಮಾರೋಣ ಎಂದು ಕಂಪನಿಯವರು ಈ ಆಲ್ಬಂ ಜೊತೆಗೆ ಮುಂದಿನದನ್ನೂ ಕೈಬಿಟ್ಟರು. ಅಪ್ಪ ಅನುಮಾನಿಸಿದ್ದು ಇಪ್ಪತ್ತು ವರ್ಷದಿಂದ ತನ್ನ ಜೊತೆ ಹಾಡುವ ಮಹದೇವು ಮಾವನನ್ನು. ಇಬ್ಬರಿಗೂ ಮಾತು ನಿಂತುಹೋಯಿತು. ನಾನು ಸುಮ್ಮನಿದ್ದೆ.

ಸಂಜೆ ಮಾವ ತರಕಾರಿ ಅಂಗಡಿ ಹತ್ತಿರ ಸಿಕ್ಕ. "ನಾ ಕಳಿಸ್ಲಿಲ್ಲ ಕಣವ್ವ ನಾಗಶ್ರೀ. ನೀನಾರ ನಿಮ್ಮಪ್ಪಂಗೆ ಏಳವ್ವ," ಅಂದ. ಅವನ ಮುಖ ನೋಡಲಾಗಲಿಲ್ಲ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಅವನ್ನ ಕಳ್ಳ ಅಂದ್ಬುಟ್ಟೆ ಕಣಮ್ಮ. ಈಗ ಯಾವ ಮೊಕ ಒತ್ಕೊಂಡು ಓಗ್ಲಿ?"

ಕೈ ತೊಳೆದು ಅಂಗಿ ಹಾಕಿಕೊಂಡು ಗುತ್ತಲು ಬಡಾವಣೆಯಲ್ಲಿರುವ ಮಾವನ ಮನೆಗೆ ಹೊರಟ. ನಾನೂ ಬರ್ತೀನಿ ಅಂದೆ. ಬೇಡ ಅನ್ನಲಿಲ್ಲ, ಕಾಯಲೂ ಇಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಗೆ ಬರುವಷ್ಟರಲ್ಲಿ ಬೀದಿಯ ತಿರುವು ದಾಟಿಹೋಗಿದ್ದ. ಹಿಂದೆ ಓಡಬಹುದಿತ್ತು. ಓಡಲಿಲ್ಲ. ಮಾವನೆದುರು ನಿಲ್ಲಬೇಕಾದವಳು ನಾನು, ಆದರೂ ಒಳಗೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ.