ಜೂನ್ ತಿಂಗಳ ಇಪ್ಪತ್ತೆರಡು ಮಂದಿ

೧೪ ಜುಲೈ, ಸೋಮವಾರ. ಹೊಸಪೇಟೆ.

ಎರ್ರೆಮ್ಮನವರ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ವಿದೇಶಿ ಪ್ರವಾಸಿಗರ ರಾಷ್ಟ್ರೀಯ ಸಮೀಕ್ಷೆಗೆಂದು ಕಡ್ಡಿರಾಂಪುರದ ಅವರ ಹೋಂಸ್ಟೇಗೆ ಹೋಗಿದ್ದೆ. ಜೂನ್‌ನಲ್ಲಿ ಒಬ್ಬರೂ ಬಂದಿರಲಿಲ್ಲ. ಆದರೆ ಸೊನ್ನೆ ಬರೆದರೆ ಫಾರಂ ವಾಪಸ್ ಬರುತ್ತದೆ, ಹೋದ ವರ್ಷದ ಅಂಕಿಯನ್ನೇ ಹಾಕು ಎಂದು ಮೇಲ್ವಿಚಾರಕ ಮನೋಹರ್ ಮೊದಲೇ ಹೇಳಿದ್ದರು. ಇಪ್ಪತ್ತೆರಡು ಎಂದು ಬರೆದು ಫಾರಂ ಸಹಿಗೆ ಕೊಟ್ಟೆ. ಎರ್ರೆಮ್ಮ ಅದನ್ನು ಬೆಳಕಿಗೆ ಹಿಡಿದು ಓದಿದರು.

“ಇವ್ರೆಲ್ಲಾ ಎಲ್ಲಿ ಮಲಗಿದ್ರವ್ವ? ಜೂನ್‌ದಾಗ ನಾನು ಕ್ವಾಣಿ ಬೀಗಾನ ತೆಗ್ದಿಲ್ಲ.”

“ಮ್ಯಾಲಿನವ್ರು ಹಂಗ ಬರಿ ಅಂದಾರ್ರಿ.”

“ಮಂದಿ ಬರವಲ್ರು ಅಂತ ನೀನ ಹೇಳ್ಲಿಲ್ಲಂದ್ರ, ಅವ್ರಿಗೆ ಹೆಂಗ ಗೊತ್ತಾಗಬೇಕು?”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಅಂಕಿ ಹೊಡೆದುಹಾಕಿ ಸೊನ್ನೆ ಬರೆದೆ. ಅವರು ಸಹಿ ಮಾಡಿ, ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟರು. ತಿನ್ನಲಾಗಲಿಲ್ಲ.

ಸೊನ್ನೆ ಬರೆದದ್ದನ್ನು ಫೋನಿನಲ್ಲಿ ತಿಳಿಸಿದಾಗ ಮನೋಹರ್ ರೇಗಿದರು: “ಹಂಗಾದ್ರ ನಾಳಿಂದ ಬರಬ್ಯಾಡಮ್ಮ.”

ಕೆಲಸ ಹೋಯಿತೋ ಏನೋ. ಸಂಕಟ ಅದರದಲ್ಲ. ಹೋದ ವಾರ ಹದಿನೇಳು ಹೋಂಸ್ಟೇ ಮನೆಗಳಲ್ಲಿ ಹೀಗೇ ಸುಳ್ಳು ಅಂಕಿ ತುಂಬಿ ಫಾರಂ ಕೊಟ್ಟಿದ್ದೆ. ಅವರೆಲ್ಲ ನನ್ನ ಮುಖ ನೋಡಿ, ಓದದೆಯೇ ಸಹಿ ಹಾಕಿದರು. ಆ ಫಾರಂಗಳು ಇನ್ನೂ ನನ್ನ ಬಳಿಯೇ ಇವೆ. ಬೆಳಿಗ್ಗೆ ಮೊದಲು ಯಾರ ಮನೆಗೆ ಹೋಗಿ, ಏನಂತ ಹೇಳಲಿ...