ಎರಡು ಸೈಜ್ ದೊಡ್ಡ ಶೂ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಟೀಚರಮ್ಮನಿಗೆ,

ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ. ನಿಮ್ಮಪ್ಪ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಇನ್ನು ಜಗಳಕ್ಕೆ ಬರುತ್ತೇನೆ.

ಶೂ ಕಳೆದುಕೊಂಡ ಹುಡುಗಿಯ ಕಥೆಯನ್ನು ನಾಲ್ಕು ದೇಶದವರು ಹೇಗೆ ಹೇಗೆ ಹೇಳುತ್ತಾರೆಂದು ಮಕ್ಕಳಿಗೆ ಕಲಿಸುತ್ತಿದ್ದೀಯಲ್ಲ, ನೀನು ಕಳಿಸಿದ ನಾಲ್ಕನ್ನೂ ಓದಿದೆ. ಒಂದರಲ್ಲಿ ಮೀನಿನ ಮೂಳೆ ಅವಳಿಗೆ ಬಟ್ಟೆ ಕೊಡುತ್ತದೆ, ಒಂದರಲ್ಲಿ ಹಸು ಅವಳನ್ನು ಸಾಕುತ್ತದೆ, ಇನ್ನೊಂದರಲ್ಲಿ ಅಮ್ಮನ ಗೋರಿಯ ಮೇಲಿನ ಮರ. ಶೂ ಕೂಡ ಒಂದು ಕಡೆ ಗಾಜಿನದು, ಒಂದು ಕಡೆ ಚಿನ್ನದ್ದು. ಎಲ್ಲ ಬದಲಾದರೂ ಮಲತಾಯಿ ಮಾತ್ರ ಬದಲಾಗಲಿಲ್ಲ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೆರದವರಿಗೂ ಮುದ್ದೇ ಅನ್ನುವ ಗಾದೆ ಯಾವ ದೇಶದಲ್ಲೂ ಹುಟ್ಟಲಿಲ್ಲವೇ? ಶೂ ಅಂಗಡಿಯಲ್ಲಿ ಜನರ ಕಾಲು ಅಳೆದೇ ಕೂದಲು ಬೆಳ್ಳಗಾದವಳು ಹೇಳುತ್ತೇನೆ ಕೇಳು: ಊರಿಗೆಲ್ಲ ಒಬ್ಬಳಿಗೇ ಆಗುವ ಶೂ ಅಂತ ಇಲ್ಲ. ಓಡುವಾಗ ಕಳಚಿತು ಅಂದರೆ ಅದು ಅವಳಿಗೂ ಸರಿಯಿರಲಿಲ್ಲ.

ಸರಿ, ತಮಾಷೆ ಸಾಕು. ಈ ಪಾಠ ಶುರುವಾದ ಮೇಲೆ ಮೂರನೇ ಬೆಂಚಿನ ಹುಡುಗಿ ಹೊಸ ಅಮ್ಮ ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ವಾಪಸ್ ಒಯ್ಯುತ್ತಿದ್ದಾಳೆ ಎಂದು ಬರೆದಿದ್ದೀಯ. ಆ ತಾಯಿ ಶಾಲೆಯ ಗೇಟಿನ ಹತ್ತಿರ ನಿಂತು, "ಏನ್ ಕಲಿಸಿದ್ರಿ ಮೇಡಂ ನಮ್ಮ ಮಗೂಗೆ?" ಎಂದು ಅತ್ತಳಂತೆ. ಪಾಠವನ್ನೇ ನಿಲ್ಲಿಸಲೇ ಎಂದು ಕೇಳಿದ್ದೀಯ. ಬೇಡ. ಐದನೆಯ ಕಥೆಯೊಂದನ್ನು ಹೇಳು. ಅದು ನಿನಗೂ ಪೂರ್ತಿ ಗೊತ್ತಿಲ್ಲ.

ನಾನು ಈ ಮನೆಗೆ ಬಂದಾಗ ನಿನಗೆ ಆರು ವರ್ಷ. ನಾನು ತಂದ ಹೊಸ ಶೂ ಕಾಂಪೌಂಡಿನಾಚೆ ಹಾರಿತು. ಅಮ್ಮ ಕೊಡಿಸಿದ ನೀಲಿ ಶೂ ಬಿಟ್ಟು ಬೇರೆಯದನ್ನು ಹಾಕುವುದಿಲ್ಲ ಎಂದು ನಿನ್ನ ಹಟ. ಅದು ಬಿಗಿಯಾಗಿ ಬೆರಳಿಗೆ ಬೊಬ್ಬೆ ಬಂದಿತ್ತು, ಆದರೂ ನೀನು ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದೆ. ನನಗೆ ಬೈಯಬೇಕೆನಿಸಿತು, ಬೈಯಲಿಲ್ಲ. ಪಾಲಿಶ್ ನೆಪದಲ್ಲಿ ಅದನ್ನು ಅಂಗಡಿಗೆ ಒಯ್ದು, ಚರ್ಮ ಒದ್ದೆ ಮಾಡಿ, ಒಳಗೆ ಮರದ ಅಚ್ಚು ತುರುಕಿ ಹಿಗ್ಗಿಸಿ ತರುತ್ತಿದ್ದೆ. ಇನ್ನು ಹಿಗ್ಗದು ಎಂದಾದ ಮೇಲೆ ಹಿಮ್ಮಡಿಯ ಹೊಲಿಗೆ ಬಿಚ್ಚಿ ಅದೇ ಬಣ್ಣದ ಪಟ್ಟಿ ಸೇರಿಸಿದೆ. "ನೋಡಪ್ಪಾ, ಅಮ್ಮನ ಶೂ ನನ್ ಜೊತೆ ಬೆಳೀತಿದೆ" ಎಂದು ನೀನು ಜಂಬ ಕೊಚ್ಚಿಕೊಂಡಾಗ ನಾನು ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆಮೇಲೆ ಅಳುವೂ ಬಂತು. ಮುಂದಿನ ವರ್ಷ ನೀನೇ ಬಂದು, "ಚಿಕ್ಕಮ್ಮಾ, ಹೊಸದು ಕೊಡಿಸ್ತೀಯಾ?" ಅಂದೆ.

ಆ ತಾಯಿಗೂ ಇದನ್ನೇ ಹೇಳು. ಮಗುವಿನ ಹೆತ್ತಮ್ಮ ಡಬ್ಬಿಗೆ ಏನು ಹಾಕುತ್ತಿದ್ದಳು, ಹೇಗೆ ಹೆಚ್ಚುತ್ತಿದ್ದಳು ಎಂದು ಗಂಡನನ್ನು ಕೇಳಿ ಹಾಗೇ ಹಾಕಲಿ. ಅವಳ ಸ್ವಂತ ಕೈರುಚಿ ಎಲ್ಲಿಗೂ ಓಡಿಹೋಗುವುದಿಲ್ಲ.

ಇಂತಿ,
ಆ ನಾಲ್ಕು ದೇಶಕ್ಕೂ ಸೇರದ ಮಲತಾಯಿ,
ನಿನ್ನ ಚಿಕ್ಕಮ್ಮ

ಮರೆತಿದ್ದು: ನೀಲಿ ಶೂ ಇದರ ಜೊತೆಗಿನ ಪಾರ್ಸೆಲ್‌ನಲ್ಲಿದೆ, ಮಕ್ಕಳಿಗೆ ತೋರಿಸು. ಇಷ್ಟು ವರ್ಷ ಹೇಳದ ಮಾತೊಂದಿದೆ. ಆ ಶೂವನ್ನು ನಿಮ್ಮಮ್ಮನಿಗೆ ಮಾರಿದವಳು ನಾನೇ. ಎರಡು ಸೈಜ್ ದೊಡ್ಡದಾಯಿತು, ಮಗುವಿನ ಕಾಲಿಂದ ಕಳಚುತ್ತದೆ ಎಂದೆ. "ದೊಡ್ಡದೇ ಇರ್ಲಿ, ಮುಂದಿನದು ಕೊಡಿಸೋಕೆ ನಾನಿರ್ತೀನೋ ಇಲ್ವೋ" ಅಂದಳು, ನಗುತ್ತಲೇ. ತಮಾಷೆ ಅಂದುಕೊಂಡು ನಾನೂ ನಕ್ಕು ಪೊಟ್ಟಣ ಕಟ್ಟಿಕೊಟ್ಟೆ.