ಚಟ್ನಿಗೆ ಮೊಸರನ್ನ ಬೇಡ

ಎಲೆನ್‌ಬ್ರೂಕ್, ಪರ್ತ್
೧೫ ಮಾರ್ಚ್ ೨೦೨೫

ಪ್ರೀತಿಯ ಐಶು,

ಹೇಗಿದ್ದೀಯ? ನಿನ್ನ ಮೆಸೇಜುಗಳಿಗೆಲ್ಲ ಬರೀ ಹೆಬ್ಬೆರಳು ಒತ್ತಿ ಸುಮ್ಮನಾದೆ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತಲ್ಲ. ಅಪ್ಪ ತಮ್ಮ ರೂಮಿನಲ್ಲಿ ಮಗ್ಗುಲು ಬದಲಿಸಿದರೂ ನನಗೆ ಕೇಳಿಸುತ್ತದೆ, ನಾನು ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಬರೆಯಹೋಗಿ ಅಪ್ಪ ಇರುವ ಗ್ರೂಪಿಗೇ ಹಾಕಿಬಿಟ್ಟೇನು ಎಂಬ ಭಯ. ಅದಕ್ಕೇ ಈ ಕಾಗದ. ನಗಬೇಡ.

ಟೂವಾಂಗಿನ ಮನೆ ಒಗ್ಗಿತಾ? ಅಲ್ಲಿಂದ ಆಫೀಸಿಗೆ ರೈಲಿನಲ್ಲಿ ಹೋಗುತ್ತೀಯೋ, ಬಸ್ಸಿನಲ್ಲೋ? ನಿಮ್ಮ ಬ್ರಿಸ್ಬೇನಿನ ಸೆಕೆಯ ಬಗ್ಗೆ ಮಾತ್ರ ನನ್ನ ಹತ್ತಿರ ದೂರಬೇಡ, ಇಲ್ಲಿ ನಮ್ಮ ಹಿತ್ತಲ ಹುಲ್ಲು ಹಪ್ಪಳವಾಗಿದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಪೂರ್ವಿಯ ನಾಯಿ ಚಟ್ನಿ ಮೈ ಕೆರೆದುಕೊಂಡು ಕೆರೆದುಕೊಂಡು ಅರ್ಧ ಬೋಳಾಗಿದ್ದಾನೆ. ಕಿವಿಗಳಂತೂ ಕೆಂಪಗೆ ಊದಿ, ಹತ್ತಿರ ಹೋದರೆ ವಾಸನೆ. ನಾನು ದಿನವಿಡೀ ಆಸ್ಪತ್ರೆಯಲ್ಲಿ ಮಕ್ಕಳ ಕಜ್ಜಿ, ಅಲರ್ಜಿ ನೋಡುವ ಡಾಕ್ಟರು. ನನ್ನ ಮನೆಯ ನಾಯಿಯ ಕಜ್ಜಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ನಾಯಿ ಡಾಕ್ಟರ್ ಹೆಲೆನ್ ಇದು ಆಹಾರದ ಅಲರ್ಜಿ ಇರಬಹುದು ಎಂದಳು. ರಕ್ತಪರೀಕ್ಷೆ ಮಾಡಿ ಮುಗಿಸು ಅಂದೆ. "ಅದನ್ನ ನಂಬೋಕಾಗಲ್ಲ. ದಾರಿ ಒಂದೇ. ಅವನು ಹುಟ್ಟಿದಾಗಿನಿಂದ ತಿಂದಿರದ ಮಾಂಸ, ತಿಂದಿರದ ಗೆಡ್ಡೆ, ಎರಡೇ ಎರಡು ಪದಾರ್ಥ. ಎರಡು ತಿಂಗಳು ಬೇರೇನೂ ಬಾಯಿಗೆ ಹೋಗಬಾರದು. ವಾಸಿಯಾದರೆ ಹಳೆಯದನ್ನ ಒಂದೊಂದಾಗಿ ಮತ್ತೆ ಕೊಟ್ಟು, ಯಾವುದಕ್ಕೆ ತುರಿಕೆ ವಾಪಸ್ ಬರುತ್ತೋ ನೋಡೋದು" ಎಂದಳು.

ನಮ್ಮ ಚಟ್ನಿ ತಿಂದಿರದ್ದು ಏನಿದೆ ಹೇಳು? ಕೋಳಿಯ ಒಣ ಆಹಾರದಿಂದ ಹಿಡಿದು ಚಪಾತಿ, ಪನೀರು, ಪೊಂಗಲ್ಲಿನವರೆಗೆ ಎಲ್ಲ ಆಗಿದೆ. ಕೊನೆಗೆ ಉಳಿದದ್ದು ಕಾಂಗರೂ ಮಾಂಸ, ಗೆಣಸು. ಹೌದು ತಾಯಿ, ಈರುಳ್ಳಿಗೂ ಮುಹೂರ್ತ ನೋಡುತ್ತಿದ್ದ ವಂಶದವಳ ಮನೆಯಲ್ಲಿ ಕಾಂಗರೂ! ನಿನ್ನ ಭಾವ ಉತ್ತಮ್ ಗರಾಜಿನ ಹಿಂದೆ ಬಾರ್ಬೆಕ್ಯೂ ಪಕ್ಕದ ಒಲೆಯಲ್ಲಿ ಬೇರೆ ಪಾತ್ರೆಯಿಟ್ಟು ಬೇಯಿಸುತ್ತಾರೆ. ಅಪ್ಪ ಏನನ್ನುತ್ತಾರೋ ಎಂದು ಹೆದರಿದ್ದೆ. ಅವರು ಕಿಟಕಿ ಹಾಕಿಕೊಂಡು, "ಅದರ ಆಹಾರ ಅದಕ್ಕೆ, ನಮ್ಮದು ನಮಗೆ" ಎಂದರು, ಅಷ್ಟೇ.

ಎರಡು ತಿಂಗಳಾಗುತ್ತ ಬಂತು, ಒಂದಿಷ್ಟೂ ಗುಣವಿಲ್ಲ. ಮೊನ್ನೆ ಹೆಲೆನ್ ಕಿವಿಯೊಳಗೆ ಬೆಳಕು ಹಾಕಿ ನೋಡಿ, "ಒಂದೋ ಇದು ಆಹಾರದ್ದಲ್ಲ, ಇಲ್ಲವೇ ಮನೆಯಲ್ಲಿ ಯಾರೋ ಏನೋ ತಿನ್ನಿಸ್ತಿದ್ದಾರೆ. ಕಿವಿ ಇನ್ನೂ ದಪ್ಪವಾದರೆ ಆಪರೇಷನ್ ಮಾಡಿ ಕಿವಿಯ ನಾಳವನ್ನೇ ತೆಗೀಬೇಕು" ಎಂದಳು. ಮನೆಗೆ ಬಂದು ವಿಚಾರಣೆ ಶುರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಉತ್ತಮ್, "ಟಿವಿಯಲ್ಲಿ ಫುಟಿ ಮ್ಯಾಚ್ ನೋಡುವಾಗ ಎರಡು ಚಿಪ್ಸ್ ಬಿದ್ದಿರಬಹುದು" ಎಂದು ತಾವೇ ಒಪ್ಪಿಕೊಂಡರು. ಜಂತಿನ ಮಾತ್ರೆಗೆ ದನದ ಮಾಂಸದ ರುಚಿ ಬೆರೆಸಿರುತ್ತಾರೆಂದು ತಿಳಿದು ಅದನ್ನೂ ಬದಲಾಯಿಸಿದೆವು. ಪಕ್ಕದ ಮನೆಯವರಿಗೆ ಬೇಲಿಯ ಮೇಲಿಂದಲೇ ಕೈಮುಗಿದು ಹೇಳಿದೆ.

ಕೊನೆಗೆ ಅಪ್ಪನನ್ನು ಕೇಳಿದೆ. "ನಾಯಿಗೆ ನಾನೇನೂ ಹಾಕಿಲ್ಲಮ್ಮ" ಎಂದರು. ರಾಜಗೋಪಾಲ ಮೇಷ್ಟ್ರು ಸುಳ್ಳು ಹೇಳುವವರಲ್ಲ, ನನಗೆ ಅಷ್ಟು ಸಾಕು. ಪೂರ್ವಿಗೆ ಸಾಲಲಿಲ್ಲ. ರಾತ್ರಿ ಊಟದ ಮೇಜಿನಲ್ಲಿ ನೇರವಾಗಿ, "ಹೀ ಈಸ್ ಹೋಮ್ ಆಲ್ ಡೇ, ಮಮ್. ಹೂ ಎಲ್ಸ್?" ಎಂದಳು. ಅಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ನಾನು ಅವಳ ಮೇಲೆ ರೇಗಿದೆ, ಉತ್ತಮ್ ನನ್ನ ಮೇಲೆ ರೇಗಿದರು. ಅಂದಿನಿಂದ ಅವಳು ತಾತನ ಪಕ್ಕ ಕೂರುವುದಿಲ್ಲ. ಪಥ್ಯ ಮತ್ತೆ ಮೊದಲಿನಿಂದ ಹಿಡಿದಿದ್ದೇವೆ. ಈ ಸಲವೂ ಕೆಟ್ಟರೆ ನಾಯಿಯ ಕಿವಿಯೂ ಹೋಗುತ್ತದೆ, ತಾತ ಮೊಮ್ಮಗಳ ಮಾತೂ ಹೋಗುತ್ತದೆ. ನನಗೆ ನಿದ್ದೆ ಬರುತ್ತಿಲ್ಲ ಕಣೇ.

ನೀನು ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಕ್ಕ,
ಮೈತ್ರಿ


ಎಲೆನ್‌ಬ್ರೂಕ್, ಪರ್ತ್
೨೧ ಜೂನ್ ೨೦೨೫

ಪ್ರೀತಿಯ ಐಶು,

ಕ್ಷೇಮವಾಗಿದ್ದೀಯಲ್ಲ? ಕಳೆದ ಕಾಗದಕ್ಕೆ ನೀನು ಮಾರನೇ ವಾರವೇ ಉತ್ತರ ಬರೆದೆ, ನಾನು ಚಳಿಗಾಲದವರೆಗೆ ಎಳೆದೆ. ಬರೆಯಲು ಕೂತಾಗಲೆಲ್ಲ ಏನನ್ನು ಬರೆಯಲಿ, ಏನನ್ನು ಬಿಡಲಿ ಎಂದು ತಿಳಿಯದೆ ಎದ್ದುಬಿಡುತ್ತಿದ್ದೆ. ಇವತ್ತು ಎಲ್ಲ ಬರೆಯುತ್ತೇನೆ.

ಏಪ್ರಿಲ್‌ನಲ್ಲಿ ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದುಬಿಟ್ಟೆ. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣಿಸುತ್ತದಲ್ಲ, ಅಲ್ಲಿ ಅಪ್ಪ ಮೆಟ್ಟಿಲ ಮೇಲೆ ಚಿಕ್ಕ ಎಲೆ ಹಾಸಿ, ಒಂದು ಹಿಡಿ ಮೊಸರನ್ನ ಇಟ್ಟು, ಸುತ್ತ ನೀರು ಬಿಟ್ಟು, ಕೈಮುಗಿದು ಹಿಂದೆ ಸರಿದರು. ಚಟ್ನಿ ಅಷ್ಟು ದೂರದಲ್ಲಿ ಕೂತಿದ್ದ, ಅಲ್ಲಾಡಲಿಲ್ಲ. ಅಪ್ಪ "ಬಾ" ಎಂದ ಮೇಲೆ ಬಂದು ತಿಂದ.

ನಾನು ಬಾಗಿಲು ತೆರೆದು ಕಿರುಚಿದೆ. ಏನೇನಂದೆನೋ, ಪೂರ್ತಿ ನೆನಪಿಲ್ಲ. ಮಗಳ ಮುಂದೆ ನಿಮ್ಮ ಪರವಾಗಿ ಜಗಳಾಡಿದೆನಲ್ಲ ಅಂದೆ, ನೀವೂ ಸುಳ್ಳು ಹೇಳೋಕೆ ಕಲಿತರಾ ಅಂದೆ.

"ನಾಯಿಗೆ ನಾನೇನೂ ಹಾಕಿಲ್ಲ" ಎಂದರು, ಮತ್ತೆ ಅದೇ ಮಾತು.

"ಮತ್ತಿದೇನಪ್ಪ? ಕಣ್ಣಾರೆ ನೋಡ್ದೆ!"

"ಇದು ನಿಮ್ಮಮ್ಮಂದು."

ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದರು. ನೀವೆಲ್ಲ ಇದ್ದ ಅಡಿಲೇಡಿನಲ್ಲಿ, ಅಮ್ಮ ತೀರಿಕೊಂಡ ಹತ್ತನೇ ದಿನ ನದೀತೀರದಲ್ಲಿ ನಾವೆಲ್ಲ ಪಿಂಡ ಇಟ್ಟು ಕಾದೆವಲ್ಲ, ಕಾಗೆ ಮುಟ್ಟಲೇ ಇಲ್ಲ, ಕೊನೆಗೆ ಪುರೋಹಿತರು ನೀರಿಗೆ ಬಿಡಿ ಎಂದರಲ್ಲ. ನೀನು, ನಾನು ಅವತ್ತೇ ಮರೆತೆವು. ಅವರು ಮರೆಯಲಿಲ್ಲ. ಇಲ್ಲಿಗೆ ಬಂದ ಮೇಲೆ ದಿನಾ ತಮ್ಮ ಊಟಕ್ಕೆ ಮುಂಚೆ ಒಂದು ತುತ್ತು ಕಾಗೆಗೆಂದು ಇಡತೊಡಗಿದರಂತೆ. ಕಾಗೆಗಳು ಬೇಲಿಯ ಮೇಲೆ ಕೂತು ಅರಚುವುದೇ ಹೊರತು, ನಾಯಿಯಿರುವ ಹಿತ್ತಲಿಗೆ ಇಳಿಯುತ್ತವೆಯೇ? ಒಂದು ದಿನ ಚಟ್ನಿ ಮೆಲ್ಲಗೆ ಬಂದು ಅಪ್ಪನ ಮುಖ ನೋಡಿ, ಅಷ್ಟನ್ನೂ ತಿಂದು, ಅವರ ಕಾಲ ಮೇಲೆ ತಲೆಯಿಟ್ಟು ಮಲಗಿದನಂತೆ. "ಅವತ್ತು ಅವಳು ಮುಟ್ಟಿದಳು ಮೈತ್ರಿ. ಅದಾದ ಮೇಲೆ ನಾನು ನಾಯಿಗೆ ಅಂತ ಒಂದು ಅಗುಳೂ ಇಟ್ಟಿಲ್ಲ" ಎಂದರು. ಅವರ ಲೆಕ್ಕದಲ್ಲಿ ಅವರು ಸುಳ್ಳಾಡಿರಲಿಲ್ಲ. ನನಗೆ ಕೋಪ ಇಳಿಯಲೂ ಇಲ್ಲ, ಉಳಿಯಲೂ ಇಲ್ಲ.

ಸಂಜೆ ಪೂರ್ವಿಗೆ ತಿಳಿಯಿತು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಚಟ್ನಿಯ ಹಾಸಿಗೆ ಎತ್ತಿಕೊಂಡು ಹೋಗಿ ತನ್ನ ರೂಮಿಗೆ ಹಾಕಿ ಚಿಲಕ ಹಾಕಿಕೊಂಡಳು. ಅಪ್ಪ ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬುತ್ತಿದ್ದರು, "ನನ್ನನ್ನ ಐಶೂ ಹತ್ರ ಕಳಿಸಿಬಿಡಿ" ಎಂದು. ಉತ್ತಮ್ ಅವರ ಕೈಹಿಡಿದು ಕೂರಿಸಿದರು. "ಮಾವ, ನೀವು ಹೋಗೋದು ಬೇಡ. ಇಡೋದನ್ನ ನಿಲ್ಲಿಸಿ ಸಾಕು." ಅಪ್ಪ, ನಿಲ್ಲಿಸ್ತೀನಿ ಎಂದರು.

ನಿಲ್ಲಿಸಿದರು. ಆದರೆ ಅಂದಿನಿಂದ ತಾವೂ ಮೊಸರು ಮುಟ್ಟುವುದಿಲ್ಲ, ಸಾರನ್ನ ಆದ ತಕ್ಷಣ ಕೈತೊಳೆಯುತ್ತಾರೆ. ಮಧ್ಯಾಹ್ನ ಚಟ್ನಿ ಅದೇ ಮೆಟ್ಟಿಲ ಹತ್ತಿರ ಹೋಗಿ ಕೂರುತ್ತಾನಂತೆ. ಅಪ್ಪ ಕಿಟಕಿಯ ಪರದೆ ಎಳೆದುಬಿಡುತ್ತಾರೆ.

ಪಥ್ಯ ಈ ಸಲ ಫಲಿಸಿತು. ಮೇ ಕೊನೆಯ ಹೊತ್ತಿಗೆ ಕಿವಿಯ ಕೆಂಪು ಇಳಿಯಿತು, ಬೋಳಾದ ಕಡೆ ಕೂದಲು ಬರುತ್ತಿದೆ. ನಾವು ಕುಣಿದಾಡಬೇಕಿತ್ತು. ಆದರೆ ಹೆಲೆನ್ ಕಾಯಿಲೆ ಖಾತ್ರಿಯಾಗಲು ಅರ್ಧ ದಾರಿ ಬಾಕಿಯಿದೆ ಎಂದಳು. ಯಾವುದರ ಮೇಲೆ ಅನುಮಾನವೋ ಅದನ್ನು ಮತ್ತೆ ಕೊಡಬೇಕು, ತುರಿಕೆ ಬಂದರೆ ಅದೇ ಎಂದು ಗೊತ್ತಾಗುತ್ತದೆ, ಕೂಡಲೇ ನಿಲ್ಲಿಸಬೇಕು, ಮುಂದೆಂದೂ ಕೊಡಬಾರದು. ಇಲ್ಲದಿದ್ದರೆ ಅವನು ಬದುಕಿರುವವರೆಗೂ ಕಾಂಗರೂ, ಗೆಣಸು ಬಿಟ್ಟು ಬೇರೆ ಕೊಡಲು ಧೈರ್ಯವಾಗದು. ಮೊದಲ ಅನುಮಾನ ಮೊಸರಿನ ಮೇಲೆ.

ಅಪ್ಪನಿಗೆ ಖುಷಿಯಾಗುತ್ತದೆ ಎಂದುಕೊಂಡು, "ಮೊಸರನ್ನ ನೀವೇ ಕೊಡಿ ಅಪ್ಪ" ಎಂದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವರ ಮುಖ ಬಿಳಚಿಕೊಂಡಿತು. "ಕೊಟ್ಟು ಕಿತ್ಕೊಳ್ಳೋದು ನನ್ನ ಕೈಲಾಗಲ್ಲ. ನೀವೂ ಕೊಡಬೇಡಿ. ಕೊಡೋದಾದ್ರೆ ನಾನು ಈ ಮನೇಲಿರಲ್ಲ" ಎಂದರು. ಪೂರ್ವಿ ಅಡುಗೆಮನೆಯಿಂದಲೇ, "ಸೋ ಹೀ ಗೆಟ್ಸ್ ಟು ಡಿಸೈಡ್ ಅಗೇನ್?" ಎಂದಳು. ಅತ್ತ ದರಿ, ಇತ್ತ ಪುಲಿ. ನಾಳೆ ಭಾನುವಾರ ಪರೀಕ್ಷೆ ಶುರು ಮಾಡುವುದೆಂದು ಹೆಲೆನ್‌ಗೆ ಮಾತು ಕೊಟ್ಟಾಗಿದೆ. ಸೂಟ್‌ಕೇಸು ಮತ್ತೆ ಅಪ್ಪನ ಮಂಚದ ಮೇಲಿದೆ.

ನೀನು ಒಂದು ಕೆಲಸ ಮಾಡು. ಅವರು ಬಂದರೆ ಇಟ್ಟುಕೊಳ್ಳಲು ಜಾಗವಿದೆಯೇ ತಿಳಿಸು. ಅವರನ್ನು ಬಿಟ್ಟುಕೊಡುವ ಮನಸ್ಸು ನನಗಿಲ್ಲ, ಅದನ್ನು ಬಾಯಿಬಿಟ್ಟೇ ಹೇಳುತ್ತೇನೆ. ಆದರೆ ಹಠ ಹಿಡಿದ ಅಪ್ಪನನ್ನು ನಿನ್ನಷ್ಟು ನಾನು ಬಲ್ಲೆನೇ?

ನಿನಗೆ ಎಲ್ಲ ಒಳ್ಳೆಯದಾಗಲಿ, ಆರೋಗ್ಯವಾಗಿರು. ಅಮ್ಮ ಇದ್ದಿದ್ದರೆ ಹೇಳುತ್ತಿದ್ದದ್ದನ್ನೆಲ್ಲ ನಾನೇ ಹೇಳಿದೆನೆಂದುಕೋ.

ನಿನ್ನ
ಮೈತ್ರಿ

ತಾ.ಕ. ಕಾಗದ ಮಡಚಿಟ್ಟಿದ್ದೆ, ಅಂಚೆಗೆ ಹಾಕಿರಲಿಲ್ಲ. ಈಗ ಒಂದು ವಾರವಾಗಿದೆ.

ಆ ಭಾನುವಾರ ಬೆಳಗ್ಗೆ ಅಪ್ಪನ ರೂಮಿಗೆ ಹೋಗಿ, ಯಾಕಪ್ಪ ಹೀಗೆ ಎಂದು ಸಮಾಧಾನವಾಗಿ ಕೇಳಿದೆ. ನಿನಗೆ ಹೇಳಬೇಡ ಎಂದಿದ್ದರು. ಅವತ್ತು ಆಸ್ಪತ್ರೆಗೆ ಊಟದ ಡಬ್ಬಿ ಕಟ್ಟಿದವಳು ನೀನು, ಅದಕ್ಕೆ. ನಾನು ಹೇಳುತ್ತಿದ್ದೇನೆ, ಅವರೊಬ್ಬರೇ ಹೊರುವುದು ಬೇಡ.

ಅಡಿಲೇಡಿನ ಆಸ್ಪತ್ರೆಯಲ್ಲಿ ಆ ಸಂಜೆ ನೀನು ಬಟ್ಟೆ ತರಲು ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಆದವರ ಗಂಟಲು ಪರೀಕ್ಷೆಯಾಗುವವರೆಗೆ ಬಾಯಿಗೆ ಏನೂ ಕೊಡಬಾರದೆಂದು ಮಂಚದ ಮೇಲೆ ಬರೆದು ಹಾಕಿದ್ದರು. ನೀನು ಅಪ್ಪನ ಊಟಕ್ಕೆಂದು ಕಟ್ಟಿ ತಂದಿಟ್ಟಿದ್ದ ಮೊಸರನ್ನದ ಡಬ್ಬಿ ತೆರೆದಾಗ ಅಮ್ಮ ಎಡಗೈ ಚಾಚಿ ಅದನ್ನು ಮುಟ್ಟಿದರಂತೆ. ಒಂದು ತುತ್ತು ಎಂದರಂತೆ, ತೊದಲಿದರೂ ಅರ್ಥವಾಯಿತಂತೆ. "ಬೇಡ ಅಂದಿದ್ದಾರೆ ಕಣೇ, ನಾಳೆ ಕೊಡ್ತೀನಿ" ಎಂದು ಅಪ್ಪ ಮುಚ್ಚಳ ಹಾಕಿದರಂತೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ತಿರುಗಲಿಲ್ಲ. "ಆಸೆ ಇಟ್ಕೊಂಡು ಹೋದವಳಿಗೆ ಕಾಗೆ ಹೇಗೆ ಮುಟ್ಟುತ್ತೆ? ಇನ್ನೊಂದು ಸಲ ಮುಂದಿಟ್ಟು ಬೇಡ ಅನ್ನು ಅಂತೀಯಲ್ಲ" ಎಂದು ಅತ್ತರು ಐಶು. ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ.

ಬಾಗಿಲಲ್ಲಿ ಪೂರ್ವಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ ಅಷ್ಟೇ. ಒಳಗೆ ಬಂದು ತಾತನ ಪಕ್ಕ ಮಂಚದ ಮೇಲೆ ಕೂತು, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು: "ತಾತ, ಅಜ್ಜಿಗೆ ನಾಳೆ ಅನ್ನೋದು ಬೇಡ. ಇವತ್ತೇ ಕೊಡೋಣ. ನಾನೂ ಬರ್ತೀನಿ."

ಅಪ್ಪನೇ ಕಲಸಿದರು. ಎಲೆ ಪೂರ್ವಿ ಹಾಸಿದಳು. ನಾಲ್ಕು ದಿನ ಇಬ್ಬರೂ ಸೇರಿ ಇಟ್ಟರು, ಚಟ್ನಿ ಒಂದು ಅಗುಳೂ ಬಿಡದೆ ತಿಂದ. ಐದನೆಯ ದಿನ ಕಿವಿ ಕೆರೆಯತೊಡಗಿದ, ಸಂಜೆಗೆ ಕೆಂಪಾಯಿತು. ಪೂರ್ವಿ ತಾತನ ಮುಖ ನೋಡಿದಳು, ನಾನೂ ನೋಡಿದೆ.

ಅಪ್ಪ ಬಗ್ಗಿ ಅವನ ಕಿವಿ ಮುಟ್ಟಿ ನೋಡಿ, ಎಲೆ ತೆಗೆದು ಮಡಚಿದರು. "ಸಾಕು, ಇನ್ನು ಇಡೋದು ಬೇಡ" ಎಂದರು. "ಅವಳು ಉಂಡಾಯ್ತು."